ನೀಲಿಯ ತೂಕ

ಮೊನ್ನೆ ಸೊಸೆ ಮೊಮ್ಮಗುವಿಗೆಂದು ಹಾಲಿನ ಪುಡಿ ಕದಡಿ ಒಲೆಯ ಮೇಲಿಟ್ಟಿದ್ದಳು. ಫೋನು ಬಂತೆಂದು ಎದ್ದು ಹೋದಳು, ಪಾತ್ರೆ ತಳ ಹಿಡಿಯಿತು. ಪುಡಿಹಾಲು ಸೀದ ವಾಸನೆ ಎಮ್ಮೆ ಹಾಲಿನದರಂತಲ್ಲ. ಸಿಹಿಯಾಗಿ, ಜಿಡ್ಡು ಜಿಡ್ಡಾಗಿ ಬಂದು ಗಂಟಲಲ್ಲಿ ಕೂತುಬಿಡುತ್ತದೆ. "ಅತ್ತಿ, ಕಿಟಕಿ ತಗೀರಿ" ಎಂದು ಅವಳು ಒಳಗಿನಿಂದ ಕೂಗಿದಳು. ನಾನು ಏಳಲಿಲ್ಲ. ಆ ವಾಸನೆಯನ್ನು ಒಂದು ಇಡೀ ವರ್ಷ ದಿನಾ ಬೆಳಿಗ್ಗೆ ಕುಡಿದವಳು ನಾನು. ನಲವತ್ತೆಂಟು ವರ್ಷ ಆಯಿತೋ ಐವತ್ತೋ, ಲೆಕ್ಕ ಇಟ್ಟಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನನಗಾಗ ಇಪ್ಪತ್ತೊಂದು. ಮನಗೂಳಿಯ ನಮ್ಮ ಮನೆಯಲ್ಲಿ ಅಪ್ಪ ಹೋದಮೇಲೆ ಅಣ್ಣನ ಕಾರಭಾರ, ಅಣ್ಣನ ಮೇಲೆ ಅವನ ಹೆಂಡತಿ, ನಮ್ಮ ವೈನಿಯ ಕಾರಭಾರ. ಮೂರನೇ ರೊಟ್ಟಿಗೆ ನಾನು ಕೈ ಚಾಚಿದರೆ ವೈನಿ ಬುಟ್ಟಿಯ ಮೇಲೆ ಅರಿವೆ ಮುಚ್ಚುತ್ತಿದ್ದಳು. ಮ್ಯಾಟ್ರಿಕ್ ಪಾಸಾಗಿದ್ದೆ, ಮದುವೆ ಕೂಡಿ ಬಂದಿರಲಿಲ್ಲ. ಬಡವರ ಮಕ್ಕಳಿಗೆ ಹಾಲು, ಗೋದಿ ನುಚ್ಚು, ನಾಲ್ಕು ಹಾಡು, ಎರಡು ಅಕ್ಷರ ಕೊಡಲು ಸರ್ಕಾರ ಹಳ್ಳಿ ಹಳ್ಳಿಗೆ ಬಾಲವಾಡಿ ತೆರೆಯುತ್ತಿದೆ ಎಂದು ಯಾರೋ ಹೇಳಿದರು. ಅರ್ಜಿ ಹಾಕಿದೆ, ಕೆಲಸ ಸಿಕ್ಕಿತು. ಖಾಯಂ ಅಲ್ಲ. ಅನುದಾನ ವರ್ಷದಿಂದ ವರ್ಷಕ್ಕೆ ಮಂಜೂರಾಗುತ್ತಿತ್ತು, ಅದು ನಿಂತರೆ ನನ್ನ ಕೆಲಸವೂ ನಿಂತಂತೆ. ಮತ್ತೆ ವೈನಿಯ ರೊಟ್ಟಿ ಬುಟ್ಟಿಯ ಮುಂದೆ ಕೂರುವುದಕ್ಕಿಂತ ಕೃಷ್ಣೆಗೆ ಬೀಳುವುದು ಲೇಸು ಅನ್ನುವಷ್ಟು ಹಟ ನನಗಿತ್ತು. ಈ ಹಟವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಸಾಧ್ವಿ ಮಾಡಬಾರದು.

ನಾಲತವಾಡದಲ್ಲಿ ಬಸ್ಸಿಳಿದು ಎರಡು ಹರದಾರಿ ನಡೆದರೆ ಆ ಊರು. ಹೆಸರು ಬೇಡ. ಎರಿ ಮಣ್ಣಿನ ಸೀಮೆ, ಮಳೆ ಬಿದ್ದರೆ ಚಪ್ಪಲಿ ಕೈಯಲ್ಲಿ, ಹೊಲವೆಲ್ಲ ಕಾಲಲ್ಲಿ. ಹತ್ತು ಹೆಜ್ಜೆಗೊಮ್ಮೆ ನಿಂತು ಕಡ್ಡಿಯಿಂದ ಮಣ್ಣು ಕೆರೆದುಕೊಳ್ಳಬೇಕು. ಗುಡಿಯ ಪೌಳಿಯ ಒಂದು ಬದಿಯನ್ನು ಊರವರು ಬಾಲವಾಡಿಗೆ ಬಿಟ್ಟುಕೊಟ್ಟಿದ್ದರು. ಒಲೆ ಹಚ್ಚಿ ಹಾಲು ಕಾಸಲು, ನುಚ್ಚು ಕುದಿಸಲು ಗಂಗವ್ವ ಎಂಬ ಮುದುಕಿ ಇದ್ದಳು. ಬಾಯಿ ಜೋರು, ಕೈ ಇನ್ನೂ ಜೋರು. ಮೊದಲ ದಿನವೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಕ್ಕೋರ, ನಿಮಗ ಮೊದಲ ಎರಡ ಲೋಟ ಹಾಕಬೇಕ್ರಿ" ಎಂದಳು. ನಾನೂ ಬಡಕಲೇ ಇದ್ದೆ.

ಶ್ರಾವಣದಲ್ಲಿ ಮೇಲಿನ ಕಚೇರಿಯಿಂದ ತೂಕದ ಕಾಟಾ ಬಂತು. ತೊಲೆಗೆ ತೂಗುಹಾಕಿ, ಕೊಂಡಿಗೆ ಬಟ್ಟೆಯ ಜೋಳಿಗೆ ಕಟ್ಟಿ, ಅದರಲ್ಲಿ ಮಗುವನ್ನು ಕೂರಿಸುವುದು. ಮೈಮೇಲೆ ಒಂದು ನೂಲೂ ಇರಬಾರದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ತಾಯಂದಿರೆಲ್ಲ ಕಳೆ ತೆಗೆಯಲು ಹೋಗಿದ್ದರು. ಅಕ್ಕಂದಿರ ಸೊಂಟದ ಮೇಲೆ ಬಂದ ಮಕ್ಕಳನ್ನೆಲ್ಲ ಬಿಚ್ಚಿ ತೂಗಿದೆ. ಕೊನೆಯಲ್ಲಿ ಬಂದವಳು ನೀಲಿ. ಎರಡೂವರೆ ವರ್ಷದ ಹುಡುಗಿ, ಏಳು ಕಿಲೋ. ಜೋಳಿಗೆಯಲ್ಲಿ ಕೂತು ಅಳಲೂ ಇಲ್ಲ, ನನ್ನ ಸೆರಗಿನ ತುದಿಯನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದಳು. ಅವಳ ಹೆಸರಿನ ಮುಂದೆ ಕೆಂಪು ಪೆನ್ಸಿಲಿನ ಗುರುತು ಹಾಕಿದೆ. ಕೆಂಪು ಗುರುತು ಎಂದರೆ ಎರಡು ಪಾಲು, ಎರಡು ಲೋಟ ಹಾಲು, ಎರಡು ಸೌಟು ನುಚ್ಚು.

ಮರುದಿನ ಬೆಳಿಗ್ಗೆ ಊರ ಹೆಂಗಸರು ಪೌಳಿಯ ಬಾಗಿಲಲ್ಲಿ ನಿಂತಿದ್ದರು. ಎಲ್ಲರೂ ನನ್ನನ್ನು ನುಂಗುವಂತೆ ನೋಡುತ್ತಿದ್ದಾರೆ. ಗಂಗವ್ವನೇ ಬಿಡಿಸಿ ಹೇಳಿದಳು.

"ನಮ್ಮೂರಾಗ ಕೂಸಿನ್ನ ತೂಗೂದು ಹರಕಿಗೆ ಅಷ್ಟರಿ. ದೇವರ ಮುಂದ ಬೆಲ್ಲಕ್ಕ ತೂಗತೇವಿ. ಮೈತುಂಬ ಹಾಕಿ, ಉಡಿ ತುಂಬಿ, ಮ್ಯಾಲ ದೃಷ್ಟಿಗಂತ ಒಂದ್ ಕಬ್ಬಿಣದ ಮೊಳಿ ಇಟ್ಟು ತೂಗತೇವಿ. ಕೂಸು ಭಾರ ಆದಷ್ಟು ಚಲೋ, ದೇವರಿಗೆ ಬೆಲ್ಲ ಹೆಚ್ಚು ಹೊಕ್ಕೈತಿ. ಬರೀ ಮೈಲೆ ತೂಗೂದು ಉಳ್ಳಾಗಡ್ಡಿ, ಮೆಣಸಿನಕಾಯಿ. ನೀವು ನಮ್ಮ ಮಕ್ಕಳನ್ನ ಉಳ್ಳಾಗಡ್ಡಿ ತೂಗಿದಂಗ ತೂಗೀರಿ."

ನಾನು ಸರ್ಕಾರ ಎಂದೆ, ನಿಯಮ ಎಂದೆ, ಸ್ವಲ್ಪ ಬೈದೆ ಕೂಡ. ಒಬ್ಬಳೂ ಜಗ್ಗಲಿಲ್ಲ. ಮಕ್ಕಳನ್ನೇ ಕಳಿಸುವುದಿಲ್ಲ ಎಂದರು. ಮಕ್ಕಳಿಲ್ಲದ ಬಾಲವಾಡಿಗೆ ಅಕ್ಕೋರು ಯಾಕೆ? ಕೊನೆಗೆ ಒಪ್ಪಂದವಾಯಿತು. ಬಟ್ಟೆ ಇರಲಿ, ಉಡಿಯಲ್ಲಿ ಒಂದು ಹಿಡಿ ಜೋಳ ಇರಲಿ, ಒಂದು ಮೊಳೆ ಇರಲಿ. ಹಿಡಿ ಜೋಳಕ್ಕೆ ಸರ್ಕಾರವೇನು ಮುಳುಗುತ್ತದೆ ಎಂದುಕೊಂಡೆ.

ಆ ಗುಂಪಿನಲ್ಲಿ ಹಿಂದೆ ನಿಂತವಳು ನೀಲಿಯ ತಾಯಿ ಯಲ್ಲವ್ವ. ಗಂಡ ಗೋವಾಕ್ಕೆ ದುಡಿಯಲು ಹೋದವನು ಅಲ್ಲಿಯೇ ಉಳಿದುಬಿಟ್ಟಿದ್ದ. ಇವಳು ಕಂಡವರ ಹೊಲದಲ್ಲಿ ದುಡಿದು, ಹೊಲದ ಕೆಲಸ ಇಲ್ಲದಾಗ ರಸ್ತೆಗೆ ಜಲ್ಲಿ ಒಡೆದು, ದುರ್ಗಿ ಮತ್ತು ನೀಲಿ ಎಂಬ ಎರಡು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಏಳು ವರ್ಷದ ದುರ್ಗಿ ದಿನಾ ತಂಗಿಯನ್ನು ಎತ್ತಿಕೊಂಡು ಬರುವಳು. ಬಾಲವಾಡಿಯ ವಯಸ್ಸು ಮೀರಿದ ಅವಳಿಗೆ ಹಾಲಿಲ್ಲ. ನೀಲಿಯ ಮುಂದೆ ಎರಡು ಲೋಟ ಇಟ್ಟು ನಾನು ಆಚೆ ತಿರುಗಿದರೆ, ಒಂದು ಲೋಟ ದುರ್ಗಿಯ ಹೊಟ್ಟೆ ಸೇರುತ್ತಿತ್ತು. ನೋಡಿಯೂ ನೋಡದಂತೆ ಇರುತ್ತಿದ್ದೆ. ಏಳು ವರ್ಷದವಳಿಗೂ ಹೊಟ್ಟೆ ಇರುತ್ತದಲ್ಲ.

ದಸರೆ ಮುಗಿದ ಮೇಲೆ ಮೇಲ್ವಿಚಾರಣೆಯ ಸರೋಜಿನಿಬಾಯಿ ಬಂದರು. ದೊಡ್ಡ ಕುಂಕುಮ, ಕೈಯಲ್ಲಿ ಕೊಡೆ, ನಾಲತವಾಡದಿಂದ ನಡೆದು ಬಂದ ಸಿಟ್ಟೆಲ್ಲ ಮುಖದ ಮೇಲೆ. ಪುಸ್ತಕ ನೋಡಿದರು.

"ದೀಪಾವಳಿಗೆ ಮತ್ತ ತೂಗತಿ ಹೌದಲ್ಲ? ಇವೆಲ್ಲ ಏರಿರಬೇಕು ನೋಡು" ಎಂದರು.

"ಏರಲಿಲ್ಲಾಂದ್ರರಿ?"

"ಏರಲಿಲ್ಲಾಂದ್ರ ಇಲ್ಲಿ ಹಾಕಿದ ಹಾಲು ಬೂದ್ಯಾಗ ಹೋತು ಅಂತ ಬರೀತೇನಿ. ಮೈಗೆ ಹತ್ತದ ಮಕ್ಕಳಿಗೆ ಸರ್ಕಾರ ಯಾಕ ಹಾಲು ಹಾಕಬೇಕು? ಮುಂದಿನ ವರ್ಷದ ಮಂಜೂರಾತಿ ಮರತಬಿಡು. ನೀನೂ ನಿನ್ನ ಗಂಟು ಕಟ್ಟು."

ಒಲೆಯ ಮುಂದಿದ್ದ ಗಂಗವ್ವ ಇದನ್ನೆಲ್ಲ ಕೇಳಿಸಿಕೊಂಡಳು. ಗಂಗವ್ವನ ಕಿವಿಗೆ ಬಿದ್ದದ್ದು ಊರಿನ ಕಿವಿಗೆ ಬಿದ್ದಂತೆ. ಸಂಜೆಯೊಳಗೆ ಬಾವಿಯ ಕಟ್ಟೆಯ ಮೇಲೆ ಸುದ್ದಿಯಾಗಿತ್ತು, ತೂಕ ಏರದ ಕೂಸಿಗೆ ಹಾಲು ಬಂದ್ ಎಂದು. ಹೆಂಗಸರು ಯಲ್ಲವ್ವನನ್ನು ಚುಚ್ಚತೊಡಗಿದರು. "ನಿನ್ನ ಮಗಳು ಎರಡ ಪಾಲು ತಿಂದ್ಲಲ್ಲ, ಎಲ್ಲಿ ಹೋತದು? ಗಟಾರಕ್ಕ ಹೋತೇನು?" ಎಂದರಂತೆ ಒಬ್ಬಳು. ನೀಲಿಗೆ ಆ ತಿಂಗಳು ಭೇದಿ ಬೇರೆ. ತಿಂದದ್ದು ನಿಲ್ಲುತ್ತಿರಲಿಲ್ಲ.

ದೀಪಾವಳಿಯ ತೂಕದ ದಿನ ತಾಯಂದಿರೆಲ್ಲ ಹೊಲ ಬಿಟ್ಟು ಬಂದರು. ಸರ್ಕಾರದ ಕಾಟಾ ಅವರ ಪಾಲಿಗೆ ದೇವರ ತಕ್ಕಡಿಯೇ ಆಗಿಬಿಟ್ಟಿತ್ತು. ಮಕ್ಕಳಿಗೆ ಎಣ್ಣೆ ಹಚ್ಚಿ ಎರೆದು, ಕಾಡಿಗೆ ತೀಡಿ, ಇದ್ದವರು ಇಲ್ಲದವರಿಗೆ ಕೊಟ್ಟು ಬೆಳ್ಳಿಯ ಉಡದಾರ, ಕಡಗ, ಕಾಲ್ಗಡಗ ಎಲ್ಲ ಹಾಕಿಸಿದ್ದರು. ಕಾಲು ಎತ್ತಿಡಲಾಗದೆ ಮಕ್ಕಳು ಬಾತುಕೋಳಿಗಳ ಹಾಗೆ ನಡೆಯುತ್ತಿದ್ದರೆ ನನಗೆ ನಗು ತಡೆಯಲಿಲ್ಲ. ತೆಗೆಯಿರಿ ಎಂದು ಒಂದು ಸಲ ಬಾಯಿಮಾತಿಗೆ ಅಂದೆ, ಅಷ್ಟೇ. ಕಾಟಾದ ಮುಳ್ಳು ಏರುತ್ತಿತ್ತು, ನನ್ನ ಮನಸ್ಸೂ ಹಗುರಾಗುತ್ತಿತ್ತು.

ನೀಲಿ ಬಂದಳು. ಗೌಡರ ಮನೆಯ ಹುಡುಗಿಯ ಪರಕಾರ ಉಟ್ಟಿದ್ದಳು, ಲಂಗದ ಅಂಚು ಪಾದದವರೆಗೆ ಇಳಿಬಿದ್ದಿತ್ತು. ಎತ್ತಿ ಜೋಳಿಗೆಯಲ್ಲಿಡಲು ಬೆನ್ನಿಗೆ ಕೈ ಕೊಟ್ಟೆ. ಅಂಗಿಯ ಕೆಳಗೆ ಒಂದು ಗಂಟು ಸಿಕ್ಕಿತು. ಬಟ್ಟೆಯಲ್ಲಿ ಜೋಳ ತುಂಬಿ, ಚಪ್ಪಟೆ ಮಾಡಿ, ಮಗುವಿನ ಬೆನ್ನಿಗೆ ಬಿಗಿದು ಕಟ್ಟಿದ್ದಳು ತಾಯಿ. ಹಿಡಿ ಜೋಳವಲ್ಲ, ಎರಡು ಸೇರಿನ ಹತ್ತಿರ. ಅಂಗೈಯ ಕೆಳಗೆ ಕಾಳು ಕಾಳು ಸರಿದದ್ದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಯಲ್ಲವ್ವನ ಮುಖ ನೋಡಿದೆ. ಅವಳು ತೊಲೆಯನ್ನು ನೋಡುತ್ತಿದ್ದಳು.

ಮುಳ್ಳು ಒಂಬತ್ತು ದಾಟಿತು. ನಾನು ಒಂಬತ್ತು ಕಾಲು ಎಂದು ಗಟ್ಟಿಯಾಗಿ ಓದಿ ಬರೆದೆ. ಹಿಂದೆ ನಿಂತ ಹೆಂಗಸರು "ಅವ್ವಯ್ಯ, ನೀಲಿ ನೋಡ್ರಿ" ಎಂದರು. ಯಲ್ಲವ್ವ ಮಗಳನ್ನು ಎತ್ತಿಕೊಂಡು ಅವಸರ ಅವಸರವಾಗಿ ಹೊರಟುಹೋದಳು. ಪಾಪ, ಅವಳ ಮಾನ ಉಳಿಸಿದೆ, ಕರುಣೆಯಿಂದ ಬರೆದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಸರೋಜಿನಿಬಾಯಿಗೆ ತೋರಿಸಲು ನನಗೆ ಒಂದು ದೊಡ್ಡ ಏರಿಕೆ ಬೇಕಾಗಿತ್ತು, ಅದು ತಾನಾಗಿ ಬಂದು ಜೋಳಿಗೆಯಲ್ಲಿ ಕೂತಿತ್ತು.

ಆದರೆ ನಿಯಮ ಒಂದಿತ್ತು. ಇಂತಿಷ್ಟು ತೂಕ ದಾಟಿದ ಮಗುವಿನ ಕೆಂಪು ಗುರುತು ತೆಗೆದು ಎರಡು ಪಾಲನ್ನು ಒಂದಕ್ಕೆ ಇಳಿಸಬೇಕು. ಅದು ನನಗೆ ಗೊತ್ತಿತ್ತು, ಯಲ್ಲವ್ವನಿಗೆ ಗೊತ್ತಿರಲಿಲ್ಲ. ತೂಕ ಏರಿದರೆ ಹಾಲು ಉಳಿಯುತ್ತದೆ ಎಂದು ಅವಳು ಕಟ್ಟಿದ ಜೋಳ, ಮರುದಿನವೇ ಒಂದು ಲೋಟವನ್ನು ಕಿತ್ತುಕೊಂಡಿತು. ದುರ್ಗಿ ಖಾಲಿ ಜಾಗವನ್ನೇ ನೋಡುತ್ತ ಕೂತಳು.

"ಇನ್ನೊಂದ ಲೋಟ ಹಂಗ ಹಾಕಿದ್ರ ಯಾರ ಕೇಳತಾರ್ರಿ?" ಎಂದಳು ಗಂಗವ್ವ.

"ಉಳಿದವರ ತಾಯಂದಿರು ಕೇಳತಾರ. ಸರೋಜಿನಿಬಾಯಿ ಕೇಳತಾರ. ಪುಸ್ತಕದಾಗ ಒಂಬತ್ತ ಕಾಲು ಐತಿ, ಎರಡ ಪಾಲು ಹೆಂಗ ಹಾಕಲಿ?" ಎಂದೆ. ಆ ಒಂದು ಲೋಟವೂ ಅಕ್ಕ ತಂಗಿಯರಿಗೆ ಅರ್ಧರ್ಧ ಆಯಿತು.

ಚಳಿಗಾಲ ಬಂತು. ಬಿಳಿಜೋಳ ತೆನೆ ಹಿಡಿಯಿತು, ಹಾಲುಗಾಳಿನ ಸೀತನಿ ಸುಡುವ ಹೊಗೆ ಹೊಲ ಹೊಲದಲ್ಲಿ. ಸಂಕ್ರಾಂತಿಯ ಎಡಬಲದಲ್ಲಿ ವಿಜಾಪುರದಿಂದ ಸಾಹೇಬರ ಜೀಪು ಬಂತು. ದಕ್ಷಿಣದ ಕಡೆಯವರು, ಮೆತ್ತಗೆ ಮಾತಾಡುವವರು, ಯಾರನ್ನೂ ಗದರಿಸದವರು. ಗೌಡರ ಹೊಲದ ಸೀತನಿ ತಿಂದು, ಕೈ ಒರೆಸಿಕೊಂಡು ಪುಸ್ತಕ ಬಿಡಿಸಿದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಯಾರಮ್ಮಾ ಈ ನೀಲವ್ವ? ಮೂರು ತಿಂಗಳಲ್ಲಿ ಎರಡು ಕಿಲೋ ಮೇಲೆ. ಕರೀರಿ ನೋಡೋಣ."

ದುರ್ಗಿ ತಂಗಿಯನ್ನು ತಂದು ನಿಲ್ಲಿಸಿದಳು. ನೀಲಿಗೆ ಆಗ ಮುಖ ಊದಿಕೊಂಡಿತ್ತು, ಪಾದ ಊದಿಕೊಂಡಿತ್ತು, ಕೂದಲು ಕೆಂಚಾಗಿತ್ತು. ಸರಿಯಾದ ಆಹಾರವಿಲ್ಲದ ಮಕ್ಕಳಿಗೆ ಮೈಯಲ್ಲಿ ನೀರು ತುಂಬುತ್ತದೆ, ಪಾದ ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತದೆ, ಅದು ಅಪಾಯದ ಕೊನೆಯ ಮೆಟ್ಟಿಲು ಎಂದು ತರಬೇತಿಯಲ್ಲಿ ಚಿತ್ರ ತೋರಿಸಿ ಹೇಳಿದ್ದರು. ನನಗೆ ಆ ಚಿತ್ರ ನೆನಪಿತ್ತು. ಸಾಹೇಬರು ನೀಲಿಯ ಕೆನ್ನೆಯನ್ನು ಎರಡು ಬೆರಳಿನಿಂದ ಹಿಂಡಿ, "ಎಷ್ಟು ಮುದ್ದಾಗಿ ತುಂಬಿಕೊಂಡಿದ್ದಾಳೆ" ಎಂದರು. ಸರೋಜಿನಿಬಾಯಿ ನನ್ನ ಬೆನ್ನು ತಟ್ಟಿದರು. ನಾನು ನಕ್ಕೆ. ಆ ನಗೆ ಹೇಗಿತ್ತೆಂದು ನೋಡಲು ಎದುರಿಗೆ ಕನ್ನಡಿ ಇರಲಿಲ್ಲ, ಅಷ್ಟು ಮಟ್ಟಿಗೆ ಪುಣ್ಯ ಮಾಡಿದ್ದೆ.

ಶಿವರಾತ್ರಿ ಕಳೆದು ಎರಡು ಆದೇಶಗಳು ಒಂದೇ ಲಕೋಟೆಯಲ್ಲಿ ಬಂದವು. ಇಲ್ಲಿನ ಮಕ್ಕಳ ಸ್ಥಿತಿ ತೃಪ್ತಿಕರವಾಗಿ ಸುಧಾರಿಸಿರುವುದರಿಂದ ಈ ಕೇಂದ್ರದ ಅನುದಾನವನ್ನು ಇಂಡಿ ತಾಲ್ಲೂಕಿನ ಒಂದು ಹಳ್ಳಿಗೆ ವರ್ಗಾಯಿಸಲಾಗಿದೆ ಎಂದು ಒಂದು. ಉತ್ತಮ ಕೆಲಸಕ್ಕಾಗಿ ನನ್ನನ್ನು ಬಸವನ ಬಾಗೇವಾಡಿಗೆ ಖಾಯಂ ಹುದ್ದೆಯ ಮೇಲೆ ನೇಮಿಸಲಾಗಿದೆ ಎಂದು ಇನ್ನೊಂದು. ಎರಡನೆಯದನ್ನು ಮೂರು ಸಲ ಓದಿದೆ. ತೂಕ ಏರದಿದ್ದರೆ ಹಾಲು ದಂಡ, ಏರಿದರೆ ಹಾಲು ಬೇಡ. ಸರ್ಕಾರದ ಈ ಜಾಣತನಕ್ಕೆ ಏನೆನ್ನಬೇಕು? ಇಂಡಿಯ ಮಕ್ಕಳೇನು ಉಂಡು ತೇಗುತ್ತಿದ್ದರೇ, ಅವರೂ ಹಸಿದವರೇ. ಹಸಿದವರಿಂದ ಕಿತ್ತು ಹಸಿದವರಿಗೆ ಕೊಟ್ಟು ಅದನ್ನು ಯೋಜನೆ ಎಂದರು.

ಯಲ್ಲವ್ವ ಓಡಿ ಬಂದಳು, ಜಲ್ಲಿಯ ಧೂಳು ಇನ್ನೂ ಹುಬ್ಬಿನ ಮೇಲಿತ್ತು.

"ಅಕ್ಕೋರ, ಹಾಲು ನಿಂತ್ರ ನನ್ನ ಮಗಳು ಬ್ಯಾಸಗಿ ದಾಟೂದಿಲ್ರಿ. ಏನರ ಮಾಡ್ರಿ. ನಿಮ್ಮ ಕಾಲ ಬೀಳತೇನಿ."

ಆಗ ಒಂದು ಗಳಿಗೆ ನನಗೂ ಮನುಷ್ಯತ್ವ ಬಂತು. ನೀಲಿಯನ್ನು ಬಿಚ್ಚಿ, ಬರೀ ಮೈಯಲ್ಲಿ ತೂಗಿದೆ. ಯಲ್ಲವ್ವ ಉಳ್ಳಾಗಡ್ಡಿ ಮೆಣಸಿನಕಾಯಿ ಏನೂ ಅನ್ನಲಿಲ್ಲ. ನೀರು ತುಂಬಿಕೊಂಡ ಮೈಯೂ ಏಳು ಕಿಲೋ ಮುಟ್ಟಲಿಲ್ಲ. ಯಲ್ಲವ್ವ ನನ್ನ ಕಣ್ಣು ತಪ್ಪಿಸಿ, "ಬ್ಯಾನಿ ಬಂದು ಇಳದಾಳ್ರಿ, ಭೇದಿ ಹತ್ತಿತ್ತಲ್ರಿ" ಎಂದಳು. ನಾನು "ಹೌದು, ಭೇದಿ" ಎಂದೆ. ಇಬ್ಬರಿಗೂ ಗೊತ್ತಿದ್ದದ್ದನ್ನು ಇಬ್ಬರೂ ನುಂಗಿದೆವು. ಅವಳಿಗೆ ಮಾತ್ರ ನನಗೆ ಗೊತ್ತಿದೆ ಎಂಬುದು ಗೊತ್ತಿರಲಿಲ್ಲ.

ಸಾಹೇಬರು ಮುದ್ದೇಬಿಹಾಳಕ್ಕೆ ಬರುವ ದಿನ ನೋಡಿಕೊಂಡು ತಾಯಿ ಮಗಳನ್ನು ಕರೆದುಕೊಂಡು ಹೋದೆ. ಬಸ್ಸಿನಲ್ಲಿ ನೀಲಿ ನನ್ನ ತೊಡೆಯ ಮೇಲೆ ಮಲಗಿದ್ದಳು. ಕಚೇರಿಯ ಹೊರಗೆ ಬೇವಿನ ಗಿಡದ ನೆರಳಲ್ಲಿ ಅವರನ್ನು ಕೂರಿಸಿ ಒಳಗೆ ಹೋದೆ. ಕಿಟಕಿಯಿಂದ ಯಲ್ಲವ್ವನ ಬೆನ್ನು ಕಾಣುತ್ತಿತ್ತು.

"ಸರ್, ನೀಲವ್ವನ ತೂಕ ಇನ್ನೂ ಏಳು ಕಿಲೋ ಸಹ ಇಲ್ಲ. ಕೇಂದ್ರ ಮುಚ್ಚಬಾರದು" ಎಂದೆ.

ಸಾಹೇಬರು ಕನ್ನಡಕ ತೆಗೆದಿಟ್ಟು ಶಾಂತವಾಗಿ ನನ್ನನ್ನು ನೋಡಿದರು. "ದೀಪಾವಳಿಗೆ ಒಂಬತ್ತು ಕಾಲು ಅಂತ ಬರೆದಿದ್ದೀಯ. ಈಗ ಏಳೂ ಇಲ್ಲ ಅಂತೀಯ. ಎರಡರಲ್ಲಿ ಯಾವುದಮ್ಮಾ ಸುಳ್ಳು? ಅದು ಸುಳ್ಳಾದರೆ ನಿನ್ನ ಇಡೀ ಪುಸ್ತಕವೇ ಸುಳ್ಳು. ಬಾಗೇವಾಡಿಯ ಆದೇಶವನ್ನು ನಾನು ವಾಪಸ್ ತಗೋಬೇಕಾಗುತ್ತೆ. ಆದರೆ ನಿನ್ನ ಕೇಂದ್ರದ ವಿಚಾರ ಮತ್ತೆ ನೋಡಬಹುದು. ಯೋಚನೆ ಮಾಡಿ ಹೇಳು, ಅವಸರ ಇಲ್ಲ."

ನ್ಯಾಯವಾಗಿಯೇ ಕೇಳಿದರು. ದಾರಿ ತೆರೆದಿಟ್ಟು ಕೇಳಿದರು. ಅವರು ಗದರಿಸಿದ್ದರೆ ಹೆದರಿ ಸುಳ್ಳು ಹೇಳಿದೆ ಎಂದುಕೊಳ್ಳುವ ಅನುಕೂಲವಾದರೂ ನನಗಿರುತ್ತಿತ್ತು. ಬೆನ್ನಿನ ಗಂಟು ಅಂಗೈಗೆ ಮತ್ತೆ ತಾಕಿದಂತಾಯಿತು. ವೈನಿಯ ಬುಟ್ಟಿಯೂ ಕಣ್ಣೆದುರು ಬಂತು.

"ಎರಡು ದಿನದಿಂದ ಭೇದಿ ಸರ್. ಅದಕ್ಕೇ ಇಳಿದಿದೆ. ದೀಪಾವಳಿಯ ತೂಕ ಸರಿಯಾಗಿಯೇ ಇದೆ" ಎಂದೆ.

"ಹಾಗಾದರೆ ದವಾಖಾನೆಗೆ ತೋರಿಸಿ" ಎಂದು ಅವರು ಕನ್ನಡಕ ಹಾಕಿಕೊಂಡರು.

ಹೊರಗೆ ಬಂದು ಆಗಲಿಲ್ಲ ಎಂದೆ. ಯಲ್ಲವ್ವ ಅಳಲಿಲ್ಲ. ಸೆರಗಿನ ಗಂಟಿನಿಂದ ಒಣಗಿದ ಕಟಕ್ ರೊಟ್ಟಿ ತೆಗೆದು ದೊಡ್ಡ ತುಂಡನ್ನು ನನಗೆ ಕೊಟ್ಟಳು. "ಬಿಸಲಾಗ ನಮ್ಮ ಸಲುವಾಗಿ ಎಷ್ಟ ಬಡದಾಡಿದ್ರಿ, ತಿನ್ರಿ" ಎಂದಳು. ತಿಂದೆ. ಹಸಿವಾಗಿತ್ತು. ದವಾಖಾನೆಯಲ್ಲಿ ಅಂದು ಡಾಕ್ಟರು ಇರಲಿಲ್ಲ, ಕಂಪೌಂಡರು ಕೆಂಪು ನೀರಿನ ಒಂದು ಬಾಟಲಿ ಕೊಟ್ಟು ಕಳಿಸಿದ.

ವಾರದೊಳಗೆ ನಾನು ಬಾಗೇವಾಡಿಗೆ ಹೊರಟೆ. ನೀಲಿ ಯುಗಾದಿಯ ನಂತರ ಹೋದಳೆಂದು ಗಂಗವ್ವ ಯಾರ ಕೈಯಲ್ಲೋ ಹೇಳಿ ಕಳಿಸಿದಳು. ಸುದ್ದಿ ತಂದವನಿಗೆ ಚಹಾ ಮಾಡಿ ಕೊಟ್ಟೆ. ಅವನು ಹೋದ ಮೇಲೆ ಬಚ್ಚಲಿನಲ್ಲಿ ಕೂತು ಅತ್ತೆ. ಮರುದಿನ ಹೊಸ ಕೇಂದ್ರಕ್ಕೆ ಹೋಗಿ ಮಕ್ಕಳಿಗೆ ಹಾಡು ಹೇಳಿಕೊಟ್ಟೆ. ಎರಡನ್ನೂ ಮಾಡಿದೆ ಎಂಬುದನ್ನು ಇಲ್ಲಿ ಬರೆಯಬೇಕು.

ಮುಂಗಾರಿನ ಮಿರಗದ ಮಳೆ ಶುರುವಾದಾಗ ಒಂದು ಮಧ್ಯಾಹ್ನ ಯಲ್ಲವ್ವ ನನ್ನ ಬಾಡಿಗೆ ಕೋಣೆಯ ಮೆಟ್ಟಿಲ ಮೇಲೆ ಕೂತಿದ್ದಳು. ನಾಲ್ಕು ಜನರನ್ನು ಕೇಳಿ ಮನೆ ಹುಡುಕಿದ್ದಳು. ಜೊತೆಗೆ ದುರ್ಗಿ. ತಿಳಿದುಬಿಟ್ಟಿದೆ, ಕೇಳಲು ಬಂದಿದ್ದಾಳೆ ಎಂದುಕೊಂಡೆ. ಕೇಳಲಿ, ಕಪಾಳಕ್ಕೆ ಹೊಡೆಯಲಿ, ಮುಗಿಯಲಿ ಎಂದೂ ಅನ್ನಿಸಿತು.

ಒಳಗೆ ಕರೆದೆ. ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತಳು.

"ಒಂದ ಮಾತು ಹೊಟ್ಟ್ಯಾಗ ಇಟಗೊಂಡೇನ್ರಿ. ನಿಮಗ ಹೇಳದ ನನಗ ಕೂಳು ಇಳಿಯಾಕ ಒಲ್ಲದು" ಎಂದಳು. "ದೀಪಾವಳಿ ತೂಕದಾಗ ನಾ ಮೋಸ ಮಾಡಿದೆ. ನೀಲಿ ಬೆನ್ನಿಗೆ ಜ್ವಾಳದ ಗಂಟು ಕಟ್ಟಿದ್ದೆ. ಮಂದಿ ಮಾತಿಗೆ ಅಂಜಿದೆ, ಹಾಲು ನಿಂತೀತಂತ ಅಂಜಿದೆ. ನಾ ಖರೇ ತೂಕ ಕೊಟ್ಟಿದ್ರ ನೀವು ಸಾಹೇಬರಿಗೆ ಹೇಳಿ ಹಾಲು ಉಳಸ್ತಿದ್ರಿ. ನನ್ನ ಕೂಸಿನ್ನ ನಾನ ತಿಂದೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಮಗೂ ಮೋಸ ಆತ್ರಿ. ನನ್ನ ಮಾತು ನಂಬಿ ಸಾಹೇಬರ ಮುಂದ ಹೋಗಿ ನಿಂತ್ರಿ. ನಿಮಗ ಗೊತ್ತಿರಲಿಲ್ಲ, ಹೌದಲ್ರೀ ಅಕ್ಕೋರ?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ದುರ್ಗಿಯೂ ನೋಡುತ್ತಿದ್ದಳು.

"ಇಲ್ಲ ಯಲ್ಲವ್ವ. ನನಗ ಗೊತ್ತಿರಲಿಲ್ಲ" ಎಂದೆ.

ಅವಳು ಬಗ್ಗಿ ನನ್ನ ಎರಡೂ ಪಾದ ಹಿಡಿದಳು. ತಪ್ಪಾತು, ಮಾಫ್ ಮಾಡ್ರಿ ಎಂದಳು. ನಾನು ಅವಳ ತಲೆಯ ಮೇಲೆ ಕೈ ಇಟ್ಟು, ಆದದ್ದು ಆಗಿಹೋತು, ಮನಸ್ಸಿಗೆ ಹಚ್ಚಿಕೋಬ್ಯಾಡ ಎಂದು ಅವಳನ್ನು ಕ್ಷಮಿಸಿದೆ.